ನನ್ನ ಕಾದಂಬರಿಯ ಏಲಿಯನ್ ಭೂಮಿಗೆ ಯಾಕೆ ಬಂತು?

ಪ್ರಶ್ನೆ

ಹದಿಹರೆಯದವರಿಗೆ ಅಂತ ಒಂದು ನಗೆಯ ಸೈನ್ಸ್ ಫಿಕ್ಷನ್ ಕಾದಂಬರಿ ಬರೆಯುತ್ತಿದ್ದೇನೆ. ಹದಿನೈದು ವರ್ಷದ ಹುಡುಗಿಯೊಬ್ಬಳ ಮನೆಯ ತಾರಸಿಗೆ ರಾತ್ರಿ ಒಂದು ಏಲಿಯನ್ ಬಂದಿಳಿಯುತ್ತದೆ. ಬಕೆಟ್‌ನಷ್ಟು ಗಾತ್ರ, ಮೂರು ಕಾಲು. ಕಣ್ಣಿಲ್ಲ, ಮೈಯೆಲ್ಲಾ ಕಿವಿ. ಬೆಳಗಾದರೆ ಹುಡುಗಿಗೆ ಗಣಿತ ಪರೀಕ್ಷೆ.

ಬರೆದಷ್ಟನ್ನೂ ನನ್ನ ಮಗಳಿಗೆ ಓದಿ ಹೇಳುತ್ತೇನೆ. ಅವಳಿಗೆ ಹದಿನಾಲ್ಕು. ಏಲಿಯನ್ ಬಟ್ಟೆ ಒಣಹಾಕುವ ಹಗ್ಗಕ್ಕೆ ಸಿಕ್ಕಿಕೊಂಡು, ಹಗ್ಗವೇ ಈ ಮನೆಯ ಯಜಮಾನ ಅಂದುಕೊಂಡು ಅದಕ್ಕೆ ಕ್ಷಮೆ ಕೇಳುವ ಜಾಗದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೂರನೇ ಅಧ್ಯಾಯಕ್ಕೆ ಬಂದಾಗ ಸುಮ್ಮನಾಗಿಬಿಟ್ಟಳು. ಆಮೇಲೆ ಕೇಳಿದಳು: "ಅಮ್ಮಾ, ಅದು ಯಾಕೆ ಬಂತು? ನಮ್ಮ ಭಾಷೆ ಅದಕ್ಕೆ ಹೇಗೆ ಬರುತ್ತೆ?"

ಕುತ್ತಿಗೆಯಲ್ಲಿ ಅನುವಾದ ಮಾಡುವ ಯಂತ್ರ ಇದೆ ಅಂತ ಬರೆದಿದ್ದೆ. "ಎಲ್ಲಾ ಕಥೆಯಲ್ಲೂ ಅದೇ ಇರುತ್ತಲ್ಲ" ಅಂದಳು. ನಿಜವೇ. ಭೂಮಿ ಗೆಲ್ಲೋಕೆ ಬಂತು ಅಂದರೆ ನಗು ಹೋಗುತ್ತೆ. ದಾರಿ ತಪ್ಪಿ ಬಂತು ಅಂದರೆ ಅದಕ್ಕೆ ವಾಪಸ್ ಹೋಗುವುದು ಬಿಟ್ಟು ಬೇರೆ ಆಸೆ ಇರುವುದಿಲ್ಲ, ಹುಡುಗಿಗೂ ರಿಪೇರಿ ಬಿಟ್ಟು ಬೇರೆ ಕೆಲಸ ಇರುವುದಿಲ್ಲ. ಎರಡು ತಿಂಗಳಿಂದ ಅಲ್ಲೇ ನಿಂತಿದ್ದೇನೆ. ಹಗುರವಾಗಿಯೂ ಇರಬೇಕು, ನಂಬುವ ಹಾಗೂ ಇರಬೇಕು. ಅಂಥ ಕಾರಣ ಏನಿರಬಹುದು?

ಉತ್ತರ 1

ಮೇಡಂ, ಕಾರಣವನ್ನು ನಾವೇ 1977ರಲ್ಲಿ ಕಳಿಸಿದ್ದೇವೆ! ಅಮೆರಿಕ ಹಾರಿಸಿದ ವಾಯೇಜರ್ 1 ಮತ್ತು 2, ಎರಡೂ ಬಾಹ್ಯಾಕಾಶ ನೌಕೆಗಳಲ್ಲಿ ಚಿನ್ನದ ಲೇಪ ಇರುವ ತಾಮ್ರದ ಒಂದು ಗ್ರಾಮಫೋನ್ ತಟ್ಟೆ ಇದೆ. 12 ಇಂಚು ಅಗಲ. ಅದರಲ್ಲಿ 55 ಭಾಷೆಗಳಲ್ಲಿ ಶುಭಾಶಯ ಇದೆ, ಅದರಲ್ಲಿ ಕನ್ನಡವೂ ಒಂದು. ಕನ್ನಡಿಗರ ಪರವಾಗಿ ಶುಭಾಶಯ ಹೇಳುವ ಪುಟ್ಟ ಮಾತು.

ನಿಮಗೆ ಬೇಕಾದದ್ದು ಇನ್ನೊಂದು. ಚೀನಾದ ಅಮಾಯ್ ನುಡಿಯಲ್ಲಿರುವ ಶುಭಾಶಯದ ಅರ್ಥ ಸುಮಾರಾಗಿ ಹೀಗೆ: ಬಾಹ್ಯಾಕಾಶದ ಗೆಳೆಯರೇ, ಹೇಗಿದ್ದೀರಿ? ಊಟ ಆಯ್ತಾ? ಬಿಡುವಿದ್ದರೆ ನಮ್ಮಲ್ಲಿಗೆ ಬನ್ನಿ.

ನಿಮ್ಮ ಏಲಿಯನ್‌ಗೆ ಬಿಡುವಿತ್ತು, ಬಂತು. ಅಷ್ಟು ಸಾಕಲ್ವಾ? ಅನುವಾದ ಯಂತ್ರ ತೆಗೆದುಬಿಡಿ. ಬರುವಾಗ ಅದಕ್ಕೆ ಗೊತ್ತಿರುವುದು 55 ಶುಭಾಶಯ ಮಾತ್ರ. ಸಿಟ್ಟು ಬಂದರೂ ಶುಭಾಶಯ, ಭಯವಾದರೂ ಶುಭಾಶಯ. ಉಳಿದ ಮಾತನ್ನು ಹುಡುಗಿಯಿಂದಲೇ ಕಲಿಯಲಿ.

ಅದೇ ತಟ್ಟೆಯಲ್ಲಿ ಮಳೆ, ಕಪ್ಪೆ, ನಾಯಿ, ರೈಲು, ನಗು, ಮುತ್ತು, ಮಗುವಿನ ಅಳು, ಎಲ್ಲದರ ಸದ್ದೂ ಇದೆ. ಕಣ್ಣಿಲ್ಲದ ಜೀವಿಗೆ ಭೂಮಿ ಅಂದರೆ ಅಷ್ಟೇ. ನೂರಕ್ಕೂ ಹೆಚ್ಚು ಚಿತ್ರಗಳೂ ಇವೆ, ಆದರೆ ಅವನ್ನು ಸದ್ದಿನ ಹಾಗೇ ಕೊರೆದಿದ್ದಾರೆ. ನಿಮ್ಮ ಏಲಿಯನ್ ಆ ಚಿತ್ರಗಳನ್ನು ಬರೀ ಗರಗರ ಅಂತ ಕೇಳಿಸಿಕೊಳ್ಳುತ್ತದೆ. ಅದಕ್ಕೆ ತಟ್ಟೆಯಲ್ಲಿ ಅತ್ಯಂತ ಇಷ್ಟವಾದ ಹಾಡು ಅದೇ ಆಗಿರಲಿ, ದಯವಿಟ್ಟು.

ಉತ್ತರ 2

ಮೇಲಿನ ಐಡಿಯಾ ಚೆನ್ನಾಗಿದೆ. ಒಂದು ಎಚ್ಚರ ಮಾತ್ರ. ಏಲಿಯನ್ ತನ್ನ ಮನೆಯಲ್ಲಿ ಕೂತು ತಟ್ಟೆ ಕೇಳಿತು ಅಂತ ಬರೆಯಬೇಡಿ. ವಾಯೇಜರ್ 1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಹೋಗುತ್ತದೆ. ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರ 4.24 ಜ್ಯೋತಿರ್ವರ್ಷ ದೂರ, ಅಂದರೆ ಬೆಳಕಿಗೇ ಅಲ್ಲಿಗೆ ಹೋಗಲು ನಾಲ್ಕು ವರ್ಷಕ್ಕೂ ಜಾಸ್ತಿ ಬೇಕು. ಈ ವೇಗದಲ್ಲಿ ಅಷ್ಟು ದೂರ ಹೋಗಲು 70,000 ವರ್ಷಕ್ಕೂ ಜಾಸ್ತಿ ಬೇಕು. ಅಂದರೆ ತಟ್ಟೆ ಇನ್ನೂ ನಮ್ಮ ಅಂಗಳದಲ್ಲೇ ಇದೆ. ಏಲಿಯನ್ ಬೇರೆಲ್ಲಿಗೋ ಹೊರಟಿತ್ತು, ದಾರಿಯಲ್ಲಿ ವಾಯೇಜರ್ 1 ಸಿಕ್ಕಿತು, ತಟ್ಟೆ ಬಿಚ್ಚಿಕೊಂಡಿತು ಅನ್ನಿ.

ಇದರಿಂದ ಕಥೆಗೂ ಲಾಭ ಇದೆ. ವಾಯೇಜರ್ 1ರಿಂದ ರೇಡಿಯೋ ಸಂಕೇತ ಭೂಮಿಗೆ ಬರಲು ಈಗ ಹತ್ತಿರ ಹತ್ತಿರ ಒಂದು ದಿನ ಹಿಡಿಯುತ್ತದೆ. ನಿಮ್ಮ ಏಲಿಯನ್ ಬೆಳಕಿಗಿಂತ ಚೂರೇ ಚೂರು ನಿಧಾನವಾಗಿ ಬಂದರೆ, ವಾಯೇಜರ್‌ಗೆ ಏನೋ ಆಯಿತು ಅನ್ನುವ ಸುದ್ದಿಯೂ ಅದೂ ಸ್ವಲ್ಪ ಹಿಂದೆ ಮುಂದೆ ತಲುಪುತ್ತವೆ. ವಿಜ್ಞಾನಿಗಳು ಪರದೆ ಮುಂದೆ ತಲೆ ಕೆರೆದುಕೊಳ್ಳುವಾಗ ತಟ್ಟೆ ಕದ್ದ ಜೀವಿ ಆಗಲೇ ಹಗ್ಗಕ್ಕೆ ಸಿಕ್ಕಿಕೊಂಡಿರುತ್ತದೆ.

ಉತ್ತರ 3

ನಾನು ಹೈಸ್ಕೂಲ್ ಮಕ್ಕಳಿಗೆ ಪಾಠ ಮಾಡುತ್ತೇನೆ. ವಿಜ್ಞಾನ ಇವರಿಬ್ಬರೂ ಹೇಳಿದ್ದಾರೆ, ನಾನು ಹುಡುಗಿಯ ಬಗ್ಗೆ ಕೇಳುತ್ತೇನೆ. ಅವಳಿಗೆ ಏನು ಬೇಕು? ನಿಮ್ಮ ಪ್ರಶ್ನೆಯಲ್ಲಿ ಏಲಿಯನ್‌ಗೆ ಎಷ್ಟು ಕಾಲು ಅಂತ ಇದೆ, ಅವಳಿಗೆ ಪರೀಕ್ಷೆ ಬಿಟ್ಟು ಏನೂ ಇಲ್ಲ. ಈ ವಯಸ್ಸಿನವರು ನಗುನಗುತ್ತಾ ಓದುತ್ತಲೇ ತಮ್ಮಂಥವರು ಒಳಗೆ ಇದ್ದಾರಾ ಅಂತ ಹುಡುಕುತ್ತಾರೆ. ನನ್ನ ಕ್ಲಾಸಿನಲ್ಲಿ ದಿನಾ ನೋಡುತ್ತೇನೆ.

ಇನ್ನೊಂದು. ಏಲಿಯನ್ ತಮಾಷೆ ಮಾಡಬಾರದು. ಅದು ಪೂರ್ತಿ ಮರ್ಯಾದಸ್ಥ ಅತಿಥಿ. ಹಗ್ಗಕ್ಕೆ ಕ್ಷಮೆ ಕೇಳಿದ ಹಾಗೇ ಎಲ್ಲವನ್ನೂ ಮನಸ್ಸಿಟ್ಟು ಮಾಡಲಿ. ನಿಮ್ಮ ಮಗಳು ನಕ್ಕಿದ್ದು ಅದಕ್ಕೇ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಒಂದೂವರೆವರೆಗೆ ಕೂತು ಮೂರನೇ ಅಧ್ಯಾಯ ಹೊಸದಾಗಿ ಬರೆದೆ.

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ಹುಡುಗಿ ಹೊಸ ಶಾಲೆಗೆ ಸೇರಿ ಐದು ತಿಂಗಳಾಗಿದೆ. ಯಾರೂ ಅವಳನ್ನು ಬಾ ಅಂತ ಕರೆದಿಲ್ಲ, ಆಟಕ್ಕೂ ಇಲ್ಲ, ಹುಟ್ಟುಹಬ್ಬಕ್ಕೂ ಇಲ್ಲ. ಈ ಮೂರು ಕಾಲಿನ ಬಕೆಟ್‌ಗೆ ಮಾತ್ರ ಇಡೀ ಭೂಮಿಯಿಂದ ಆಹ್ವಾನ ಬಂದಿದೆ! ಮೊದಲು ಅವಳಿಗೆ ಹೊಟ್ಟೆಕಿಚ್ಚಾಗುತ್ತದೆ. ಏಲಿಯನ್‌ಗೋ ತನ್ನನ್ನು ಕರೆದ ಆ ದನಿಯ ಮನೆ ಹುಡುಕಬೇಕು. ಅವಳು ಜೊತೆಗೆ ಹೊರಡುತ್ತಾಳೆ. ಮುಂದಿನ ಕಥೆಯೆಲ್ಲಾ ಆ ಹುಡುಕಾಟವೇ.

ಬೆಳಗ್ಗೆ ಮಗಳಿಗೆ ಓದಿದೆ. ಪರೀಕ್ಷೆ ಕೊಠಡಿಯ ಕಿಟಕಿ ಹೊರಗೆ ಏಲಿಯನ್ ಕಾಯುತ್ತಾ, ಒಳಗಿನ ಮೌನಕ್ಕೆ ಹೆದರಿ, 55 ಭಾಷೆಯಲ್ಲಿ ಒಂದೊಂದಾಗಿ ಶುಭಾಶಯ ಹೇಳುವ ಜಾಗದಲ್ಲಿ ನಕ್ಕಳು. ಹುಡುಗಿ "ನನ್ನನ್ನ ಯಾರೂ ಕರೆದಿಲ್ಲ" ಅಂದಾಗ ಅದು ಸ್ವಲ್ಪ ಹೊತ್ತು ಯೋಚಿಸಿ, ಕಲಿತ ಮಾತಿನಲ್ಲಿ "ಬಿಡುವಿದ್ದರೆ ನಮ್ಮಲ್ಲಿಗೆ ಬನ್ನಿ" ಅನ್ನುತ್ತದೆ. ಅಲ್ಲಿ ಮಗಳು ನಗಲಿಲ್ಲ. ಹಾಳೆ ನನ್ನ ಕೈಯಿಂದ ತೆಗೆದುಕೊಂಡು ತಾನೇ ಮುಂದಕ್ಕೆ ಓದಿದಳು.