ಒಂದೇ ರಾತ್ರಿಯ ಮಳೆ: ನಮ್ಮ ಬಾಟಲಿಯಲ್ಲಿ 41 ಮಿ.ಮೀ., ಪಕ್ಕದ ತೋಟದಲ್ಲಿ 85 ಸೆಂಟ್. ಯಾವುದು ಸರಿ?

ಮಡಿಕೇರಿ_ಮಂಜು:
ಮಗಳ ಶಾಲೆಯ ಪ್ರಾಜೆಕ್ಟ್‌ಗೆ ಎರಡು ಲೀಟರ್ ಬಾಟಲಿಯಲ್ಲಿ ಮಳೆಮಾಪಕ ಮಾಡಿದ್ದೇವೆ. ಬಾಟಲಿಯ ಒಳವ್ಯಾಸ 11 ಸೆಂ.ಮೀ., ಮೇಲೆ ಇಟ್ಟ ಆಲಿಕೆಯ ಬಾಯಿ 15 ಸೆಂ.ಮೀ. ತಳದ ಉಬ್ಬುತಗ್ಗು ಮುಚ್ಚುವಷ್ಟು ನೀರು ಹಾಕಿ, ಅಲ್ಲಿಂದ ಸೊನ್ನೆ ಗುರುತಿಸಿ ಸ್ಕೇಲ್ ಅಂಟಿಸಿದ್ದೇವೆ. ಬೆಳಿಗ್ಗೆ ನೋಡಿದರೆ 41 ಮಿ.ಮೀ. ಪಕ್ಕದ ತೋಟದ ರೈನ್‌ಗೇಜ್‌ನಲ್ಲಿ 85 ಸೆಂಟ್ (ಒಂದು ಸೆಂಟ್ ಇಂಚಿನ ನೂರನೇ ಭಾಗ), ಅಂದರೆ 21.6 ಮಿ.ಮೀ. ಸುಮಾರು ಎರಡು ಪಟ್ಟು ವ್ಯತ್ಯಾಸ ಹೇಗೆ?

ಗಣಿತಮೇಷ್ಟ್ರು:
ನೀರು ಹಿಡಿದದ್ದು ಆಲಿಕೆ, ಎತ್ತರ ಅಳೆದದ್ದು ಬಾಟಲಿಯಲ್ಲಿ. ತಪ್ಪಿದ್ದು ಅಲ್ಲೇ. ಅಗಲದ ಬಾಯಿಗೆ ಬಿದ್ದ ನೀರು ಕಿರಿದಾದ ಬಾಟಲಿಯಲ್ಲಿ ಎತ್ತರಕ್ಕೆ ನಿಂತಿದೆ. 15ನ್ನು 11ರಿಂದ ಭಾಗಿಸಿ ವರ್ಗ ಮಾಡಿ: 1.86. 41ನ್ನು 1.86ರಿಂದ ಭಾಗಿಸಿದರೆ 22 ಮಿ.ಮೀ., ಅಂದರೆ ಸುಮಾರು 87 ಸೆಂಟ್. ಪಕ್ಕದವರದಕ್ಕಿಂತ ಎರಡೇ ಸೆಂಟ್ ಹೆಚ್ಚು. ಮನೆಯಲ್ಲಿ ಮಾಡಿದ ಮಾಪಕಕ್ಕೆ ಇದು ಬಹಳ ಚೆನ್ನಾಯಿತು.

ವರ್ಗ ಯಾಕೆ ಅಂತ ಮಗಳು ಕೇಳಿದರೆ: ಮಳೆ ಬೀಳುವುದು ಬಾಯಿಯ ವಿಸ್ತೀರ್ಣದ ಮೇಲೆ, ವಿಸ್ತೀರ್ಣ ಬೆಳೆಯುವುದು ವ್ಯಾಸದ ವರ್ಗದಂತೆ. ಅದಕ್ಕೇ ವ್ಯಾಸ ಅಳೆಯುವಾಗ ಶೇ. 1 ತಪ್ಪಿದರೆ ಉತ್ತರದಲ್ಲಿ ಶೇ. 2 ತಪ್ಪುತ್ತದೆ. ಆಲಿಕೆಯ ಅಂಚು ಮಡಚಿರುತ್ತದೆ, ಒಳ ಅಂಚಿನಿಂದ ಒಳ ಅಂಚಿಗೆ ಎರಡು ಮೂರು ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆಯಿರಿ.

ಕಾಫಿಕಣ:
ಮೇಷ್ಟ್ರು ಹೇಳಿದ್ದು ಸರಿ. ಆದರೆ ನನ್ನ ಕೇಳಿದರೆ ಆ ಸ್ಕೇಲನ್ನೇ ಕಿತ್ತುಹಾಕಿ. 10 ಸೆಂ.ಮೀ. ಬಾಯಿಯ ಆಲಿಕೆ ತನ್ನಿ, ನೀರನ್ನು ಸಿರಿಂಜ್‌ನಲ್ಲಿ ಅಳೆಯಿರಿ. ಬಾಯಿಯ ವಿಸ್ತೀರ್ಣ 78.5 ಚದರ ಸೆಂ.ಮೀ., ಒಂದು ಸೆಂಟ್ ಅಂದರೆ 0.254 ಮಿ.ಮೀ. ಗುಣಿಸಿದರೆ ಸೆಂಟ್‌ಗೆ 1.995 ಮಿ.ಲೀ. ಬರುತ್ತದೆ. ಎರಡು ಮಿ.ಲೀ.ಗೆ ಒಂದು ಸೆಂಟ್, 200 ಮಿ.ಲೀ.ಗೆ ಒಂದು ಇಂಚು, ಇನ್ನು ಕೋಷ್ಟಕವೇ ಬೇಡ! ಸಿರಿಂಜ್ ಬೇಸರವಾದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಖಾಲಿ ಬಾಟಲಿಯ ತೂಕ ಕಳೆಯಿರಿ. ಒಂದು ಗ್ರಾಂ ಒಂದು ಮಿ.ಲೀ. ಅಂತಲೇ ಹಿಡಿಯಬಹುದು.

ಇನ್ನೊಂದು ಅನುಕೂಲವಿದೆ. 15 ಸೆಂ.ಮೀ. ಆಲಿಕೆಗೆ ನಿಮ್ಮ ಬಾಟಲಿ ನಾಲ್ಕೂವರೆ ಇಂಚಿಗೇ ತುಂಬಿಬಿಡುತ್ತದೆ. ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನಲ್ಲಿ ಬರುವ ಕೊಡವರ ಮಳೆಗಾಲದ ತಿಂಗಳು) ಭಾಗಮಂಡಲದ ಕಡೆ ಒಂದೇ ದಿನಕ್ಕೆ ಅದನ್ನು ಮೀರುವುದುಂಟು. 10 ಸೆಂ.ಮೀ. ಬಾಯಿಗೆ ಅದೇ ಬಾಟಲಿ 10 ಇಂಚು ಹಿಡಿಯುತ್ತದೆ.

ಜೋರು ಮಳೆಯಲ್ಲಿ ಹನಿ ಆಲಿಕೆಯ ಇಳಿಜಾರಿಗೆ ಬಡಿದು ಹೊರಗೆ ಸಿಡಿಯುತ್ತದೆ. ಅಂಗುಲ ನಾಲ್ಕು ಉದ್ದದ ಪಿವಿಸಿ ಪೈಪ್ ತುಂಡನ್ನು ಆಲಿಕೆಯ ಮೇಲೆ ಗೋಡೆಯಂತೆ ನಿಲ್ಲಿಸಿ, ಸುತ್ತ ಸಿಲಿಕೋನ್ ಹಚ್ಚಿ. ಆಮೇಲೆ ಲೆಕ್ಕಕ್ಕೆ ಬರುವುದು ಪೈಪಿನ ಬಾಯಿ, ಆಲಿಕೆಯದ್ದಲ್ಲ. ಒಳವ್ಯಾಸ 10.4 ಇದ್ದರೆ ಸೆಂಟ್‌ಗೆ 2.16 ಮಿ.ಲೀ.

ಸಿಲ್ವರ್‌ಓಕ್:
ಎಲ್ಲಿ ಇಟ್ಟಿದ್ದೀರಿ ಅಂತ ಯಾರೂ ಕೇಳಲಿಲ್ಲವಲ್ಲ. ಕಾಫಿ ಒಣಗಿಸುವ ಸಿಮೆಂಟ್ ಕಣ ಬಯಲಾಗಿದೆ ಅಂತ ಅಲ್ಲಿ ನೆಲಕ್ಕೇ ಇಡಬೇಡಿ, ಹನಿ ಪುಟಿದು ಒಳಗೆ ಬೀಳುತ್ತದೆ. ಹುಲ್ಲಿನ ಮೇಲೆ, ಬಾಯಿ ನೆಲದಿಂದ ಒಂದಡಿ ಎತ್ತರಕ್ಕೆ ಬರುವಂತೆ, ಸಮಮಟ್ಟದಲ್ಲಿ ನಿಲ್ಲಿಸಿ. ಮರ 20 ಅಡಿ ಇದ್ದರೆ ಕನಿಷ್ಠ 40 ಅಡಿ ದೂರ. ಸಿಲ್ವರ್ ಓಕ್ ಎಲೆ ಒಂದು ಬಿದ್ದರೂ ಆಲಿಕೆಯ ಕೊಳವೆ ಕಟ್ಟಿಕೊಳ್ಳುತ್ತದೆ, ಆದ್ದರಿಂದ ದಿನಾ ನೋಡಬೇಕು. ಹವಾಮಾನ ಇಲಾಖೆಯ ಓದು ಬೆಳಿಗ್ಗೆ 8.30ಕ್ಕೆ. ಪಕ್ಕದವರು ಏಳಕ್ಕೆ ಓದಿ ನೀವು ಒಂಬತ್ತಕ್ಕೆ ಓದಿದರೆ ನಡುವೆ ಬಿದ್ದ ಮಳೆ ನಿಮ್ಮಲ್ಲಿ ಇವತ್ತಿಗೆ, ಅವರಲ್ಲಿ ನಾಳೆಗೆ ಸೇರುತ್ತದೆ. ಜಗಳ ಮಾಪಕದ್ದಲ್ಲ, ಗಡಿಯಾರದ್ದು.

ಮಡಿಕೇರಿ_ಮಂಜು:
ಎಲ್ಲರಿಗೂ ಥ್ಯಾಂಕ್ಸ್. ನಾಳೆಯೇ ಸಣ್ಣ ಆಲಿಕೆ ಹುಡುಕುತ್ತೇನೆ. ಇನ್ನೊಂದು ಡೌಟು: ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) 70 ಸೆಂಟ್ ಬಿದ್ದು ನಿಂತಿತು ಅನ್ನಿ. ಒಂದು ಇಂಚಿಗೆ ಸರಿದೂಗಿಸಲು ಸ್ಪ್ರಿಂಕ್ಲರ್‌ನಲ್ಲಿ ಎಷ್ಟು ನೀರು ಬಿಡಬೇಕು?

ಕಾಫಿಕಣ:
ಒಂದು ಎಕರೆ 4,047 ಚದರ ಮೀಟರ್. ಒಂದು ಮಿ.ಮೀ. ಮಳೆ ಅಂದರೆ ಚದರ ಮೀಟರಿಗೆ ಒಂದು ಲೀಟರ್. ಹಾಗಾಗಿ ಎಕರೆಗೆ ಒಂದು ಸೆಂಟ್ ಮಳೆ 1,028 ಲೀಟರ್, 30 ಸೆಂಟ್‌ಗೆ ಸುಮಾರು 31 ಸಾವಿರ. ಪಂಪ್ ಗಂಟೆಗೆ 20 ಸಾವಿರ ಲೀಟರ್ ಎತ್ತುವುದಾದರೆ ಎಕರೆಗೆ ಒಂದೂವರೆ ಗಂಟೆ. ಗಾಳಿಗೆ ಹಾರಿಹೋಗುವುದನ್ನು ಇದರ ಮೇಲೆ ಸೇರಿಸಿಕೊಳ್ಳಿ. ಸ್ಪ್ರಿಂಕ್ಲರ್ ಓಡುವಾಗ ಗಿಡಗಳ ನಡುವೆ ಆ ಮಾಪಕವನ್ನೇ ಮೂರ್ನಾಲ್ಕು ಕಡೆ ಸರಿಸಿ ಇಟ್ಟು ನೋಡಿದರೆ ಎಲ್ಲಿ ಎಷ್ಟು ಬಿತ್ತು ಅನ್ನುವುದೂ ತಿಳಿಯುತ್ತದೆ.

ಗಣಿತಮೇಷ್ಟ್ರು:
ಮಗಳಿಗೆ ಒಂದು ಲೆಕ್ಕ ಕೊಡಿ: ಒಂದು ಸೆಂಟ್ ಜಾಗದ ಮೇಲೆ ಒಂದು ಸೆಂಟ್ ಮಳೆ ಬಿದ್ದರೆ ಎಷ್ಟು ನೀರು? ಮೊದಲ ಸೆಂಟ್ ಎಕರೆಯ ನೂರನೇ ಭಾಗ, ಎರಡನೆಯದು ಇಂಚಿನ ನೂರನೇ ಭಾಗ. ಹತ್ತು ಲೀಟರ್ ಚಿಲ್ಲರೆ ಬರಬೇಕು.