ಬಡ್ ಸ್ಪೆನ್ಸರ್–ಟೆರೆನ್ಸ್ ಹಿಲ್ ಥರದ ಜೋಡಿ ನಮ್ಮ ಪ್ರಹಸನದಲ್ಲಿ ಯಾಕೆ ನಗಿಸ್ತಿಲ್ಲ?

ವಿದ್ಯಾನಗರ_ಲಾಸ್ಟ್_ಸ್ಟಾಪ್: ದಾವಣಗೆರೆ ಕಾಲೇಜೊಂದರ ಕಾರ್ಯಕ್ರಮಕ್ಕೆ 20 ನಿಮಿಷದ ಪ್ರಹಸನ. ಒಬ್ಬ ದಢೂತಿ, ಒಬ್ಬ ಸಪೂರ. ಇಬ್ಬರೂ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರೋ ಹಮಾಲರು. ಮೊದಲಿನಿಂದ ಇಬ್ಬರೂ ಬೈದಾಡ್ಕೊಂಡೇ ಇರ್ತಾರೆ, ಕೊನೆಗೆ ಆರು ಜನ ರೌಡಿಗಳ ಜೊತೆ ಹೊಡೆದಾಟ. ರಿಹರ್ಸಲ್‌ನಲ್ಲಿ ಯಾರೂ ನಗ್ತಿಲ್ಲ, ಹೊಡೆದಾಟಕ್ಕಂತೂ ನೋಡೋರು ಗಾಬರಿ ಆಗ್ತಾರೆ. ದಪ್ಪನೆಯ ಬಡ್ ಸ್ಪೆನ್ಸರ್, ತೆಳ್ಳನೆಯ ಟೆರೆನ್ಸ್ ಹಿಲ್ ನಟಿಸಿದ ಆ ಇಟಲಿ ಹಾಸ್ಯ ಸಿನಿಮಾಗಳಲ್ಲಿ ಹಿಡಿಸೋದು ನಿಜವಾಗಿ ಏನು? ನಾವು ಎಲ್ಲಿ ಎಡವಿದ್ದೀವಿ?

ದುರ್ಗದ_ಬತೇರಿ: ಬೈದಾಟವೇ ಹಾಸ್ಯ ಅಂದ್ಕೊಂಡಿದ್ದೀರಿ, ಅಲ್ಲೇ ಎಡವಿದ್ದು. ಆ ಜೋಡಿಯಲ್ಲಿ ದಪ್ಪನೆಯವನಿಗೆ ಬೇಕಾಗಿರೋದು ಒಂದೇ: ಯಾರೂ ತನ್ನ ತಂಟೆಗೆ ಬರಬಾರದು. ತೆಳ್ಳನೆಯವನು ಬಂದ ಅಂದ್ರೆ ತಂಟೆ ಬಂತು ಅಂತಲೇ ಲೆಕ್ಕ. 1970ರ 'ಟ್ರಿನಿಟಿ' ಸಿನಿಮಾದಲ್ಲಿ ದಪ್ಪನೆಯ ಅಣ್ಣ ಷೆರಿಫ್‌ನ ನಕ್ಷತ್ರ (ಊರಿನ ಪೊಲೀಸ್ ಮುಖ್ಯಸ್ಥನ ಬ್ಯಾಡ್ಜ್) ಸಿಕ್ಕಿಸ್ಕೊಂಡು ಕುದುರೆ ಕದಿಯೋ ಹೊಂಚಿನಲ್ಲಿರ್ತಾನೆ. ಕುದುರೆ ಎಳೆಯೋ ಮಂಚದ ಮೇಲೆ ಮಲಗೇ ಊರೂರು ಸುತ್ತೋ ಸೋಮಾರಿ ತಮ್ಮ ಅಲ್ಲಿಗೆ ಬರ್ತಾನೆ, ಬಡ ರೈತರ ಪರ ನಿಲ್ತಾನೆ, ಅಣ್ಣನನ್ನೂ ಎಳೀತಾನೆ. ಅಣ್ಣ ಗೊಣಗ್ತಾನೆ, ಆದರೆ ಹೋಗ್ತಾನೆ. ಅವರ ಪ್ರೀತಿ ಇರೋದು ಆ ಗೊಣಗಾಟದಲ್ಲೇ. 'ನೀನಂದ್ರೆ ನಂಗಿಷ್ಟ' ಅನ್ನೋ ಸಾಲು ನಿಮ್ಮ ಸ್ಕ್ರಿಪ್ಟ್‌ನಲ್ಲಿದ್ರೆ ಇವತ್ತೇ ಹೊಡೆದುಹಾಕಿ.

ಎರಡನೆಯದು, ಆಸೆ ಚಿಕ್ಕದಿರಬೇಕು, ಕಣ್ಣಿಗೆ ಕಾಣಬೇಕು. 1974ರ ಅವರ ಸಿನಿಮಾದ ಗಲಾಟೆಯೆಲ್ಲ ಹಳದಿ ಟಾಪ್ ಇರೋ ಒಂದು ಕೆಂಪು ಬಗ್ಗಿ ಕಾರಿಗಾಗಿ. ರೇಸಿನಲ್ಲಿ ಇಬ್ಬರೂ ಸಮ ಆಗಿ ಕಾರು ಇಬ್ಬರಿಗೂ ಸೇರುತ್ತೆ. ಯಾರಿಗೆ ಅಂತ ತೀರ್ಮಾನಿಸೋಕೆ ಬಿಯರ್, ಸಾಸೇಜ್ ತಿನ್ನೋ ಪಂದ್ಯ ಕಟ್ತಾರೆ. ಅಷ್ಟರಲ್ಲಿ ದೊಡ್ಡ ಖದೀಮನ ಕಡೆಯವರು ಕಾರನ್ನೇ ನಜ್ಜುಗುಜ್ಜು ಮಾಡ್ತಾರೆ. ಅಲ್ಲಿಂದ ಇವರದು ಒಂದೇ ಪಟ್ಟು: ಹೊಸದು ಕೊಡಿ. ಸೇಡಿಲ್ಲ, ಭಾಷಣವಿಲ್ಲ. ನಿಮ್ಮ ಹಮಾಲರಿಗೂ ಒಂದು ತಳ್ಳುಗಾಡಿ ಕೊಡಿ. 3ನೇ ನಿಮಿಷದೊಳಗೆ ಅದು ರಂಗಕ್ಕೆ ಬರಲಿ, 6ನೇ ನಿಮಿಷಕ್ಕೆ ಮುರೀಲಿ. ಆಮೇಲೆ 'ಗಾಡಿ ಕೊಡ್ರಿ' ಅಂತ ಮೂರು ಸಲ, ಅದೇ ಮಾತು, ಪ್ರತಿ ಸಲ ದನಿ ಇನ್ನಷ್ಟು ಮೆತ್ತಗೆ. ಮೂರನೇ ಸಲಕ್ಕೆ ಹೊಡೆದಾಟ.

ಕಂಪನಿ_ತಬಲಾ: ಗಾಬರಿಗೆ ಕಾರಣ ಶಬ್ದ. ಇಟಲಿಯವರು ಆಗ ಮಾತನ್ನೂ ಏಟನ್ನೂ ಆಮೇಲೆ ಸ್ಟುಡಿಯೋದಲ್ಲಿ ಸೇರಿಸ್ತಿದ್ರು. ಆ ಏಟಿನ ಸದ್ದು ಕೇಳಿದ ಕೂಡಲೇ ಇದು ಸುಳ್ಳು, ಯಾರಿಗೂ ನೋವಾಗಿಲ್ಲ ಅನ್ನೋದು ಮನಸ್ಸಿಗೆ ಬರುತ್ತೆ. ರಕ್ತ ತೋರಿಸಲ್ಲ, ಬಿದ್ದವನು ತಲೆ ಒದರಿಕೊಂಡು ಮತ್ತೆ ಎದ್ದು ಬರ್ತಾನೆ. ನೀವು ನಿಜವಾದ ಏಟಿನ ಹಾಗೆ ತೋರಿಸೋಕೆ ಹೋಗಿದ್ದೀರಿ ಅನ್ಸುತ್ತೆ.

ಕಪಾಳಮೋಕ್ಷ ಹೀಗೆ ಮಾಡಿ. ಹೊಡೆಯೋನ ಬೆನ್ನು ಪ್ರೇಕ್ಷಕರ ಕಡೆ ಇರಲಿ, ತಿನ್ನೋನು ಅವನ ಎದುರು. ಇಬ್ಬರ ಕಣ್ಣು ಕೂಡಬೇಕು, ಅದೇ ಸಿಗ್ನಲ್. ಕೈ ಅಗಲವಾಗಿ, ನಿಧಾನಕ್ಕೆ ಎದ್ದು, ಮುಖದಿಂದ ಒಂದು ಗೇಣು ದೂರದಲ್ಲಿ ಹಾದುಹೋಗಲಿ. ಅದೇ ಕ್ಷಣ ತಿನ್ನೋನು ಎದೆಯ ಹತ್ತಿರ ಚಪ್ಪಾಳೆ ತಟ್ಟಬೇಕು, ಆಮೇಲೆ ತಲೆ ತಿರುಗಲಿ. ಬಹಳ ಜನ ಕೈ ಬರೋ ಮೊದಲೇ ತಲೆ ತಿರುಗಿಸ್ತಾರೆ, ಆಗ ನಗು ಸತ್ತಂತೆ. ಏಟಿನ ಸದ್ದಿಗೆ ರಿದಂ ಪ್ಯಾಡ್ (ಎಲೆಕ್ಟ್ರಾನಿಕ್ ತಾಳವಾದ್ಯ) ಇದ್ರೆ ನುಡಿಸೋನು ಸ್ಕ್ರಿಪ್ಟ್ ನೋಡಬಾರದು, ಹೊಡೆಯೋನ ಭುಜ ನೋಡಬೇಕು. ಮುಖ್ಯವಾಗಿ ಸಭಾಂಗಣದ ಎರಡೂ ಪಕ್ಕದ ಕುರ್ಚಿಯಲ್ಲಿ ಕೂತು ಪರೀಕ್ಷೆ ಮಾಡಿ, ಗೇಣಿನ ಸಂದಿ ಕಾಣೋದು ಅಲ್ಲಿಂದಲೇ.

ಆರು ಜನ ಒಟ್ಟಿಗೆ ನುಗ್ಗಬೇಡಿ. ಒಬ್ಬ ಬರುವಾಗ ಉಳಿದ ಐವರಿಗೂ ಒಂದೊಂದು ಕೆಲಸ: ಚೀಲದಡಿ ಸಿಕ್ಕಿಬೀಳೋದು, ಚಪ್ಪಲಿ ಹುಡುಕೋದು. ದಪ್ಪನೆಯವನು ನಿಂತ ಜಾಗ ಬಿಡಬಾರದು, ಮೇಲಿನಿಂದ ನೆತ್ತಿಗೆ ಒಂದೇ ಗುದ್ದು. ತೆಳ್ಳನೆಯವನು ಮಾತ್ರ ಓಡಾಡಲಿ.

ಹಳೇಪೇಟೆ_ಟಾಕೀಸ್: ಒಂದು ತಕರಾರು. ದಢೂತಿ–ಸಪೂರ ಇದ್ದೇ ತೀರಬೇಕು ಅಂತ ಹುಡುಕಬೇಡಿ. 1956ರಲ್ಲಿ ಇಟಲಿಯ ಹಾಸ್ಯನಟರಾದ ಟೋಟೋ, ಪೆಪ್ಪಿನೋ ಜೋಡಿ ಸಿನಿಮಾದಲ್ಲಿ ಮಾಡಿದ ಪತ್ರದ ದೃಶ್ಯ ನೋಡಿ. ಒಬ್ಬ ದೊಡ್ಡ ಪಂಡಿತನ ಹಾಗೆ ಹೇಳಿ ಬರೆಸ್ತಾನೆ, ಇನ್ನೊಬ್ಬ ಕರ್ಚೀಫಿನಲ್ಲಿ ಬೆವರು ಒರೆಸ್ಕೋತಾ ಬರೀತಾನೆ. ಜನ ಜಿಪುಣರು ಅಂದ್ಕೋಬಾರದು ಅಂತ ಚುಕ್ಕಿ, ಚಿಹ್ನೆ ಧಾರಾಳವಾಗಿ ಹಾಕಿಸ್ತಾನೆ. ಒಂದೇಟೂ ಇಲ್ಲ. ಅದರ ಬೇರು ಕೊಮೆದಿಯ ದೆಲ್ಲಾರ್ತೆಯ (ಇಟಲಿಯ ಹಳೇ ಮುಖವಾಡದ ಹಾಸ್ಯ ನಾಟಕ) ಇಬ್ಬರು ಆಳುಗಳಲ್ಲಿದೆ, ಒಬ್ಬ ಚಾಲಾಕಿ, ಒಬ್ಬ ಪೆದ್ದ. ನಮ್ಮ ನರಸಿಂಹರಾಜು–ಬಾಲಕೃಷ್ಣ ಜೋಡಿಯಲ್ಲೂ ಕೆಲಸ ಮಾಡಿದ್ದು ಮೈತೂಕಕ್ಕಿಂತ ಹೆಚ್ಚಾಗಿ ಮಾತಿನ ವೇಗದ ವ್ಯತ್ಯಾಸ.

ದುರ್ಗದ_ಬತೇರಿ: ಟೋಟೋ ವಿಷಯ ಒಪ್ಪಿದೆ. ಆದರೆ ಹೊಡೆದಾಟ ಇಟ್ಕೊಂಡ ಮೇಲೆ ಮೈಕಟ್ಟು ಬೇಕೇ ಬೇಕು. ಬಡ್ ಸ್ಪೆನ್ಸರ್ ಅಂದ್ರೆ ಕಾರ್ಲೋ ಪೆದೆರ್ಸೋಲಿ, 1950ರಲ್ಲಿ 100 ಮೀಟರ್ ಫ್ರೀಸ್ಟೈಲನ್ನ ಒಂದು ನಿಮಿಷದೊಳಗೆ ಈಜಿದ ಮೊದಲ ಇಟಾಲಿಯನ್, 1952 ಮತ್ತು 1956ರ ಒಲಿಂಪಿಕ್ಸ್‌ಗೂ ಹೋದವರು. ಆ ಭಾರದ ಮೈ ಅಷ್ಟು ಹಗುರಾಗಿ ತಿರುಗೋದೇ ಚೆಂದ. ಹಾಗಾಗಿ ಪ್ರಶ್ನೆ ಕೇಳಿದವರಿಗೆ: ದಪ್ಪ ಇದ್ದಾನೆ ಅಂತ ಮಾತ್ರ ಹುಡುಗನನ್ನ ಆರಿಸಬೇಡಿ. 50 ಕೆಜಿ ಚೀಲ ಇಳಿಸಿದ ಹಾಗೆ ನಟಿಸಿ, ತಕ್ಷಣ ಒಂದೇ ಕಾಲಲ್ಲಿ ತಿರುಗೋಕೆ ಬರುತ್ತಾ ನೋಡಿ ಆರಿಸಿ. ಚೀಲಕ್ಕೆ ಜೋಳ ತುಂಬಬೇಡಿ, ಭತ್ತದ ಹೊಟ್ಟು ತುಂಬಿ.