ಅಪ್‌ಡೇಟ್: ಗ್ಲಿಸರಿನ್ ಬೆರೆಸಿದ ತಂಬಾಕು ಹಾಳೆ ತೇವ ಹೀರುವುದರ ಕುರಿತು

ಉರಿಸದೆ ಕಾಯಿಸಿ ಬಳಸುವ ತಂಬಾಕು ಉತ್ಪನ್ನಗಳ ಹಾಳೆಯ ಮಾದರಿಗಳು ಜಪಾನಿನ ಮಳೆಗಾಲದಲ್ಲಿ ನಮ್ಮ ಪ್ರಯೋಗಾಲಯದ ಗಾಳಿಯ ತೇವವನ್ನು ಹೀರಿ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದುದನ್ನು ತಡೆಯುವ ಬಗೆಯನ್ನು ನಾನು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ತೇವಕ್ಕೆ ಮುಖ್ಯ ಕಾರಣ ಗ್ಲಿಸರಿನ್ ಎಂಬ ನಿಮ್ಮ ಊಹೆ ಸರಿಯಾಗಿತ್ತು. ಅದರ ಪ್ರತಿ ಅಣುವಿನಲ್ಲಿರುವ 3 ಹೈಡ್ರಾಕ್ಸಿಲ್ ಗುಂಪುಗಳು ನೀರನ್ನು ಬಲವಾಗಿ ಹಿಡಿದುಕೊಳ್ಳುತ್ತವೆ. ಆದರೆ ಕಾಯಿಸಿದಾಗ ಹೊಗೆಯಂತೆ ಕಾಣುವ ಆವಿಯನ್ನು ಕೊಡುವುದೂ ಅದೇ ಆದ್ದರಿಂದ, ಅದರ ಪ್ರಮಾಣವನ್ನು ತಗ್ಗಿಸಿದರೆ ನಾವು ಅಳೆಯಬೇಕಾದ ವಸ್ತುವೇ ಬದಲಾಗಿಬಿಡುತ್ತದೆ. ಹಾಗಾಗಿ ಹಾಳೆಯನ್ನು ಬದಲಿಸದೆ ಅದರ ಸುತ್ತಲಿನ ಗಾಳಿಯನ್ನು ಹತೋಟಿಯಲ್ಲಿಡುವ ಸಲಹೆಯನ್ನೇ ಅನುಸರಿಸಿದೆ.

ಮುಚ್ಚಿದ ಪಾತ್ರೆಯಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಎಂಬ ಲವಣದ ಪರ್ಯಾಪ್ತ ದ್ರಾವಣವನ್ನಿಟ್ಟರೆ (ಅಂದರೆ ಇನ್ನಷ್ಟು ಲವಣ ಕರಗದಷ್ಟು ಗಾಢವಾದ ದ್ರಾವಣ) 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 33ರಲ್ಲಿಯೂ, ಅಡುಗೆ ಉಪ್ಪಿನ ಅಂಥದೇ ದ್ರಾವಣವನ್ನಿಟ್ಟರೆ ಸುಮಾರು ಶೇ. 75ರಲ್ಲಿಯೂ ನಿಲ್ಲುತ್ತದೆ. ಮೊದಲನೆಯದರಲ್ಲಿ ಹಾಳೆಗಳು ಅಂಟಲಿಲ್ಲ. ಎರಡನೆಯದರಲ್ಲಿ ಬೇಗನೆ ಮೆತ್ತಗಾದವು. ಈಗ ಮಾದರಿಗಳನ್ನು ಅಲ್ಯುಮಿನಿಯಂ ಪದರವಿರುವ ಚೀಲಗಳಲ್ಲಿ ಬಿಸಿಯಿಂದ ಅಂಟಿಸಿ ಮುಚ್ಚಿಡುತ್ತಿದ್ದೇವೆ. ತೆಳು ಪಾಲಿಥೀನ್ ಚೀಲ ದೀರ್ಘಕಾಲ ಇಡಲು ಸಾಲದು.

ಅಳತೆಯ ವಿಷಯ ನನಗೆ ಇದಕ್ಕಿಂತಲೂ ಮಹತ್ವದ್ದೆನಿಸಿತು. ಓವನ್‌ನಲ್ಲಿ ಒಣಗಿಸಿ ತೂಕದ ಇಳಿಕೆಯನ್ನು ನೋಡುವ ವಿಧಾನದಲ್ಲಿ ನೀರಿನೊಡನೆ ಸ್ವಲ್ಪ ಗ್ಲಿಸರಿನ್ ಮತ್ತು ನಿಕೋಟಿನ್ ಕೂಡ ಹಾರಿಹೋಗುವುದರಿಂದ ತೇವಾಂಶ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ. ನೀರನ್ನಷ್ಟೇ ಗುರುತಿಸುವ ಕಾರ್ಲ್ ಫಿಶರ್ ವಿಧಾನವನ್ನು ಸೂಚಿಸಿದವರಿಗೆ ನಾನು ವಿಶೇಷವಾಗಿ ಋಣಿ.

ಭಾರತದಲ್ಲಿ 2019ರ ಇ-ಸಿಗರೇಟ್ ನಿಷೇಧ ಕಾಯ್ದೆಯು ಇಂಥ ಉತ್ಪನ್ನಗಳ ತಯಾರಿಕೆ, ಮಾರಾಟ ಮತ್ತು ದಾಸ್ತಾನನ್ನು ನಿಷೇಧಿಸಿರುವುದರಿಂದ, ಅಲ್ಲಿರುವವರು ಈ ಕೆಲಸಕ್ಕೆ ತೊಡಗುವ ಮುನ್ನ ಅದನ್ನು ಅವಶ್ಯವಾಗಿ ಓದಬೇಕು.